ಜಂಗು ತೆಗೆದ ಮೇಲಿನ ಒಂದು ಗಂಟೆ

ಮಳೆಗಾಲ ಕಳೆಯುತ್ತಲೇ ಜಂಗಿನ, ಅಂದರೆ ತುಕ್ಕಿನ, ಪತ್ರಗಳು ಶುರುವಾಗುತ್ತವೆ. ಈ ಸಲ ಹಂಚು, ಗೇಟು, ಕುಂಟಿ, ಅಲ್ಮೇರಾ, ಹೀಟರ್ ಎಲ್ಲವೂ ಬಂದಿವೆ. ಹೊಸ ಓದುಗರಿಗೆ ನನ್ನ ಪರಿಚಯ ಹೇಳುತ್ತೇನೆ. ನಾನು ಕಲಬುರಗಿಯವನು. 31 ವರ್ಷ ಕಬ್ಬಿಣದ ಮೈ ಸ್ವಚ್ಛ ಮಾಡಿ ಬಣ್ಣ ಹಚ್ಚುವ ಕೆಲಸ ಮಾಡಿದ್ದೇನೆ. ನೀರಿನ ಟಾಕಿ, ಎಣ್ಣೆ ಟ್ಯಾಂಕು, ಫ್ಯಾಕ್ಟರಿ ಶೆಡ್ಡು, ಸೇತುವೆ, ಹೀಗೆ. ಓದಿದ್ದು ಐಟಿಐ ಫಿಟ್ಟರ್. ಉಳಿದದ್ದನ್ನು ಕೆಲಸ ಮಾಡುತ್ತಾ ಕಲಿತೆ.

ಯಾವ ಪತ್ರ ಬಂದರೂ ನಾನು ನೋಡುವುದು ಮೂರು ಸಂಗತಿ. ತೆಗೆಯಬೇಕಾದದ್ದು ಏನು? ಅದರ ಕೆಳಗೆ ಇರುವ ಲೋಹ ಯಾವುದು? ತೆಗೆದ ಮೇಲೆ ಮೊದಲ ಒಂದು ಗಂಟೆ ಏನು ಮಾಡುತ್ತೀರಿ? ಮೂರನೆಯದನ್ನು ಯಾರೂ ಬರೆದಿರುವುದಿಲ್ಲ. ಕೆಲಸ ಕೆಡುವುದು ಜಾಸ್ತಿ ಅಲ್ಲೇ.

ನಮ್ಮ ಅತ್ತೆಯವರ ಕಾಲದ ಕಬ್ಬಿಣದ ರೊಟ್ಟಿ ಹಂಚು ಇದೆ. ಎರಡು ತಿಂಗಳು ಊರಲ್ಲಿ ಇರಲಿಲ್ಲ. ಬಂದು ನೋಡಿದರೆ ಪೂರಾ ಕೆಂಪು ಜಂಗು. ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಬೇಗ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹಾಕಬಹುದಾ?
— ಗೃಹಿಣಿ, ಆಳಂದ

ಬೇಡ ಅಕ್ಕಾ. ಅಡುಗೆ ಸಾಮಾನಿಗೆ ಆ ಆಸಿಡ್ ತಾಗಿಸಲೇಬೇಡಿ. ಅದು ಜಂಗನ್ನು ತಿಂದು ಅಲ್ಲಿಗೇ ನಿಲ್ಲುವುದಿಲ್ಲ, ಕೆಳಗಿನ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಅದರಲ್ಲಿ ಬಣ್ಣ, ವಾಸನೆ, ಸೋಪಿನಂಥ ಬೇರೆ ಸಾಮಾನೂ ಸೇರಿಸಿರುತ್ತಾರೆ. ಅದು ರೊಟ್ಟಿಗೆ ಹತ್ತಬಾರದು.

ನಿಮ್ಮ ಹಂಚು ಕೆಟ್ಟಿಲ್ಲ. ಮೊದಲು ಒಣಗಿದ್ದಾಗಲೇ ದಪ್ಪ ಉಪ್ಪು ಹಾಕಿ ತೆಂಗಿನ ನಾರಿನಿಂದ ಗಟ್ಟಿಯಾಗಿ ತಿಕ್ಕಿ. ಅರ್ಧ ಜಂಗು ಇಲ್ಲೇ ಉದುರುತ್ತದೆ. ಉಳಿದದ್ದಕ್ಕೆ ಹುಣಸೆಹಣ್ಣು. ನೆನೆಸಿ, ಗಟ್ಟಿ ರಸ ಮಾಡಿ, ಹಂಚಿನ ತುಂಬ ಹಚ್ಚಿ ಅರ್ಧ ಗಂಟೆ ಬಿಡಿ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಜಂಗಿನ ಕಬ್ಬಿಣವನ್ನು ಹಿಡಿದು ನೀರಿಗೆ ಇಳಿಸುತ್ತದೆ. ರಸ ಕಪ್ಪಗಾಗುತ್ತದೆ, ಹೆದರಬೇಡಿ. ರಾತ್ರಿಯಿಡೀ ಮಾತ್ರ ಬಿಡಬೇಡಿ. ಹುಳಿಯೂ ಆಸಿಡ್ಡೇ. ತಡವಾದರೆ ಅದೂ ಒಳ್ಳೆಯ ಕಬ್ಬಿಣಕ್ಕೆ ಕೈ ಹಾಕುತ್ತದೆ.

ಈಗ ಮುಖ್ಯ ಭಾಗ. ತೊಳೆದ ತಕ್ಷಣ ಹಂಚು ಬೆಳ್ಳಗೆ, ಬೂದು ಬಣ್ಣದಲ್ಲಿ ಕಾಣುತ್ತದೆ. ಅದು ಬರಿ ಮೈ. ಒದ್ದೆಯಾಗಿ ಗೋಡೆಗೆ ಒರಗಿಸಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪಗಾಗಿರುತ್ತದೆ. ಆದ್ದರಿಂದ ಬಟ್ಟೆಯಿಂದ ಒರೆಸಿ ಸೀದಾ ಒಲೆಯ ಮೇಲೆ ಇಡಿ. ಚೆನ್ನಾಗಿ ಕಾಯಲಿ. ಇಳಿಸಿ, ಸ್ವಲ್ಪ ಆರಿದ ಮೇಲೆ ಎರಡೇ ಎರಡು ಹನಿ ಕುಸುಬಿ ಎಣ್ಣೆ ಹಾಕಿ ಬಟ್ಟೆಯಿಂದ ತೆಳ್ಳಗೆ ಎಳೆಯಿರಿ. ಎಣ್ಣೆ ಕಾಣಲೇಬಾರದು, ಅಷ್ಟು ತೆಳು. ಮತ್ತೆ ಒಲೆಗೆ ಇಟ್ಟು ಹೊಗೆ ಬಂದು ನಿಲ್ಲುವ ತನಕ ಕಾಯಿಸಿ. ಹೀಗೆ ನಾಲ್ಕು ಸಲ. ದಪ್ಪ ಹಚ್ಚಿದರೆ ಅಂಟು ಅಂಟಾಗುತ್ತದೆ.

ಕುಸುಬಿಯೇ ಯಾಕೆ? ಅದು ಗಾಳಿಗೆ, ಕಾವಿಗೆ ಬೇಗ ಗಟ್ಟಿಯಾಗುವ ಎಣ್ಣೆ. ಅಗಸಿ ಎಣ್ಣೆಗೂ ಅದೇ ಗುಣ. ಕಾದಾಗ ಎಣ್ಣೆಯ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಕಪ್ಪು ಪೊರೆಯಾಗುತ್ತವೆ. ನಿಮ್ಮ ಅತ್ತೆಯವರ ಹಂಚಿನ ಮೇಲಿದ್ದ ಕಪ್ಪು ಅದೇ. ಅದನ್ನು ಕೊಳೆ ಎಂದು ತಿಕ್ಕಿ ತೆಗೆಯಬೇಡಿ. ನಮ್ಮ ಜೋಳದ ರೊಟ್ಟಿಗೆ ಮೇಲೆ ನೀರು ಸವರುತ್ತೇವೆ ಅಲ್ವಾ? ಆ ನೀರು ದಿನಾ ಹಂಚಿಗೆ ಇಳಿಯುತ್ತದೆ. ಕೊನೆಯ ರೊಟ್ಟಿ ತೆಗೆದ ಮೇಲೆ ಹಂಚು ಎರಡು ನಿಮಿಷ ಖಾಲಿ ಕಾಯಲಿ.

ಕಾಕಾ, ಕಪನೂರ ಕಡೆ ನನ್ನದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ಹೊಸ ಆ್ಯಂಗಲ್, ಪಟ್ಟಿ ತಂದು ಗೇಟು ಮಾಡುತ್ತೇನೆ. ತಂತಿ ಬ್ರಷ್ ಹೊಡೆದು, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಎರಡು ಕೋಟ್ ಬಣ್ಣ. ಆದರೂ ಒಂದೇ ವರ್ಷಕ್ಕೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಚಕ್ಕೆಯ ಹಿಂದೆ ಕಪ್ಪು ಸಿಪ್ಪೆ ಅಂಟಿಕೊಂಡಿರುತ್ತದೆ. ಗಿರಾಕಿಗಳು ಬೈಯುತ್ತಾರೆ. ಬಣ್ಣದ ಕಂಪನಿ ಬದಲಿಸಿದೆ, ಉಪಯೋಗ ಆಗಲಿಲ್ಲ.
— ಯುವ ವೆಲ್ಡರ್, ಕಲಬುರಗಿ

ತಮ್ಮಾ, ಉತ್ತರ ನಿನ್ನ ಪತ್ರದಲ್ಲೇ ಇದೆ. ಆ ಕಪ್ಪು ಸಿಪ್ಪೆಯೇ ಕಳ್ಳ. ಬಣ್ಣದ ತಪ್ಪೇನೂ ಇಲ್ಲ.

ಅದಕ್ಕೆ ಮಿಲ್ ಸ್ಕೇಲ್ ಎನ್ನುತ್ತಾರೆ. ಉಕ್ಕನ್ನು ಕೆಂಪಗೆ ಕಾಯಿಸಿ ರೋಲ್ ಮಾಡುವಾಗ ಗಾಳಿಯ ಆಮ್ಲಜನಕ ತಾಗಿ ಮೇಲೆ ನೀಲಿ-ಕಪ್ಪು ಪೊರೆ ಕಟ್ಟುತ್ತದೆ. ಅದೂ ಕಬ್ಬಿಣದ ಆಕ್ಸೈಡೇ, ಜಂಗಿನ ಅಣ್ಣ ಇದ್ದಂತೆ. ನೋಡಲು ನುಣ್ಣಗೆ, ಗಟ್ಟಿಯಾಗಿ, ಪ್ರೈಮರ್ (ಬಣ್ಣದ ಅಡಿಯ ಮೊದಲ ಲೇಪ) ಹಚ್ಚಿದ ಹಾಗೇ ಇರುತ್ತದೆ. ಹಾಗಾಗಿ ಎಲ್ಲರೂ ಅದರ ಮೇಲೇ ಬಣ್ಣ ಹಚ್ಚುತ್ತಾರೆ.

ಈಗ ನಮ್ಮೂರಿನ ಬಿಸಿಲು ನೆನಪಿಸಿಕೋ. ಮೇ ತಿಂಗಳಲ್ಲಿ 43 ಡಿಗ್ರಿ. ಮಧ್ಯಾಹ್ನ ಗೇಟಿಗೆ ಕೈ ಇಡಲು ಆಗುವುದಿಲ್ಲ. ಕಬ್ಬಿಣ ಹಿಗ್ಗಿದಷ್ಟು ಆ ಸಿಪ್ಪೆ ಹಿಗ್ಗುವುದಿಲ್ಲ. ರಾತ್ರಿ ಕುಗ್ಗುವಾಗಲೂ ಜೊತೆಗೆ ಬರುವುದಿಲ್ಲ. ಕೂದಲೆಳೆಯಂಥ ಬಿರುಕು ಬೀಳುತ್ತದೆ. ಜೂನ್ ಮಳೆ ಆ ಬಿರುಕಿನಲ್ಲಿ ಇಳಿಯುತ್ತದೆ. ಅಲ್ಲಿ ಒಂದು ಚಿಕ್ಕ ಬ್ಯಾಟರಿ ಹುಟ್ಟುತ್ತದೆ. ಸಿಪ್ಪೆ ಒಂದು ತುದಿ, ಬಿರುಕಿನಲ್ಲಿ ಕಾಣುವ ಬರಿ ಕಬ್ಬಿಣ ಇನ್ನೊಂದು ತುದಿ. ಕರಗುವುದು ಕಬ್ಬಿಣ. ಸಿಪ್ಪೆಯ ವಿಸ್ತಾರ ದೊಡ್ಡದು, ಬಿರುಕು ಸಣ್ಣದು. ಹಾಗಾಗಿ ಅಷ್ಟು ಸಣ್ಣ ಜಾಗದಲ್ಲೇ ಆಳವಾಗಿ ಗುಳಿ ಬೀಳುತ್ತದೆ. ಹುಟ್ಟಿದ ಜಂಗಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಸಿಪ್ಪೆಯನ್ನೂ ಬಣ್ಣವನ್ನೂ ಒಟ್ಟಿಗೇ ಎತ್ತಿ ಹಾಕುತ್ತದೆ.

ತಂತಿ ಬ್ರಷ್ ಇಲ್ಲಿ ಮೋಸ ಮಾಡುತ್ತದೆ. ಸಡಿಲ ಜಂಗನ್ನು ತೆಗೆಯುತ್ತದೆ, ಗಟ್ಟಿ ಸಿಪ್ಪೆಯನ್ನು ಸುಮ್ನೆ ಉಜ್ಜಿ ಹೊಳೆಯಿಸುತ್ತದೆ. ಹೊಳಪು ನೋಡಿ ಸ್ವಚ್ಛವಾಯಿತು ಎಂದುಕೊಳ್ಳುತ್ತೇವೆ. ನಾನೂ ಮೊದಲ ಮೂರು ವರ್ಷ ಹಾಗೇ ಅಂದುಕೊಂಡಿದ್ದೆ.

ಸಿಪ್ಪೆ ಇದೆಯೋ ಹೋಯಿತೋ ತಿಳಿಯಲು ಒಂದು ಉಪಾಯ ಇದೆ. ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಸಿಗುತ್ತದೆ. ಒಂದು ಲೋಟ ನೀರಿಗೆ ಎರಡು ಚಮಚ ಕರಗಿಸು. ಬಟ್ಟೆಯಿಂದ ಪಟ್ಟಿಯ ಮೇಲೆ ಸವರು. ಬರಿ ಉಕ್ಕು ಇರುವಲ್ಲಿ ಕ್ಷಣದಲ್ಲಿ ತಾಮ್ರದ ಬಣ್ಣ ಬರುತ್ತದೆ. ಸಿಪ್ಪೆ ಇರುವಲ್ಲಿ ಕಪ್ಪು ಹಾಗೇ ಉಳಿಯುತ್ತದೆ. ಪರೀಕ್ಷೆ ಮಾಡಿದ ಜಾಗವನ್ನು ತೊಳೆದು ಉಪ್ಪು ಕಾಗದದಿಂದ ಆ ತಾಮ್ರವನ್ನು ಪೂರಾ ತೆಗೆಯಬೇಕು. ಬಿಟ್ಟರೆ ಅದೂ ಇನ್ನೊಂದು ಬ್ಯಾಟರಿ. ಮೈಲುತುತ್ತ ವಿಷ, ಕೈ ತೊಳೆಯದೆ ಊಟಕ್ಕೆ ಕೂರಬೇಡ.

ನಿನ್ನಂಥ ಶೆಡ್ಡಿಗೆ ಸರಿಯಾದ ದಾರಿ ಫ್ಲ್ಯಾಪ್ ಡಿಸ್ಕ್, ಅಂದರೆ ಗ್ರೈಂಡರಿಗೆ ಹಾಕುವ ಉಪ್ಪು ಕಾಗದದ ಚಕ್ರ. 60 ಅಥವಾ 80 ನಂಬರು. ವೆಲ್ಡಿಂಗ್‌ಗೆ ಮೊದಲೇ ಪಟ್ಟಿಗಳನ್ನು ಸಾಲಾಗಿ ಹಾಸಿ ಹೊಡೆದುಬಿಡು. ಗೇಟು ಆದ ಮೇಲೆ ಮೂಲೆಗಳಿಗೆ ಡಿಸ್ಕ್ ಹೋಗುವುದಿಲ್ಲ. ಆದರೆ ಗ್ರೈಂಡರ್ ಹಿಡಿಯುವ ಮೊದಲು ಥಿನ್ನರ್ ಬಟ್ಟೆಯಿಂದ ಎಣ್ಣೆ, ಗ್ರೀಸು ಒರೆಸು. ಇದನ್ನು ಬಹಳ ಜನ ಹಿಂದುಮುಂದು ಮಾಡುತ್ತಾರೆ. ಎಣ್ಣೆ ಇದ್ದಾಗಲೇ ಉಜ್ಜಿದರೆ ಎಣ್ಣೆ ಹೋಗುವುದಿಲ್ಲ, ಗೀರುಗಳ ಒಳಗೆ ತುಂಬಿಕೊಳ್ಳುತ್ತದೆ. ಒರೆಸಿದ ಥಿನ್ನರ್ ಪೂರಾ ಆರಲಿ, ಬಟ್ಟೆ ದೂರ ಹೋಗಲಿ, ಆಮೇಲೆ ಕಿಡಿ. ಕ್ಲೋರಿನ್ ಸೇರಿದ ಡಿಗ್ರೀಸರ್ ಡಬ್ಬಿಗಳು ಬರುತ್ತವೆ. ಅವನ್ನು ವೆಲ್ಡಿಂಗ್ ಮಾಡುವ ಸಾಮಾನಿಗೆ ಹಾಕಲೇಬೇಡ. ಅದರ ಹಸಿ ಅಥವಾ ಆವಿ ವೆಲ್ಡಿಂಗ್ ಬೆಳಕಿಗೆ, ಕಾವಿಗೆ ಫಾಸ್ಜೀನ್ ಎಂಬ ವಿಷದ ಗಾಳಿಯಾಗಬಲ್ಲದು.

ದೊಡ್ಡ ಕಾಮಗಾರಿಯ ಕಾಗದದಲ್ಲಿ ಎಸ್‌ಎ ಎರಡೂವರೆ ಎಂದು ಬರೆದಿರುತ್ತಾರೆ. ಬ್ಲಾಸ್ಟಿಂಗ್ ಮಾಡಿ, ಅಂದರೆ ಗಾಳಿಯ ಜೋರಿನಲ್ಲಿ ಗಟ್ಟಿ ಕಾಳು ಹೊಡೆದು, ಸಿಪ್ಪೆ, ಜಂಗು, ಹಳೆ ಬಣ್ಣ ಎಲ್ಲ ತೆಗೆದು, ಅಲ್ಲಲ್ಲಿ ಮಸುಕು ನೆರಳು ಮಾತ್ರ ಉಳಿಯಬೇಕು ಎಂದು ಅದರ ಅರ್ಥ. ಎಸ್‌ಟಿ ಎರಡು, ಎಸ್‌ಟಿ ಮೂರು ಎಂದರೆ ಕೈ ಅಥವಾ ಮಷಿನ್ ಬ್ರಷ್ಷಿನ ಕೆಲಸ. ಅದರಲ್ಲಿ ಗಟ್ಟಿ ಸಿಪ್ಪೆ ಉಳಿದರೂ ನಡೆಯುತ್ತದೆ. ಇಂಥ ಕೆಲಸ ಹಿಡಿಯುವಾಗ ಯಾವುದು ಬರೆದಿದೆ ಎಂದು ನೋಡಿಯೇ ದರ ಹೇಳು.

ಉಜ್ಜಿದ ದಿನವೇ ಪ್ರೈಮರ್. ಬೆಳಿಗ್ಗೆ ಉಜ್ಜಿದರೆ ಮಧ್ಯಾಹ್ನದ ಊಟದ ಮೊದಲು. ಬರಿ ಕೈಯಿಂದ ಮುಟ್ಟಬೇಡ, ಬೆವರಿನಲ್ಲಿ ಉಪ್ಪಿದೆ. ಬೆರಳಿನ ಗುರುತಿನ ಆಕಾರದಲ್ಲೇ ಜಂಗು ಎದ್ದಿದ್ದನ್ನು ನಾನು ನೋಡಿದ್ದೇನೆ.

ಬೋರಿನ ನೀರು. ಹೀಟರ್ ರಾಡ್ ಮೇಲೆ ಬೆರಳು ದಪ್ಪ ಬಿಳಿ ಕಲ್ಲು ಕಟ್ಟಿದೆ. ನೀರು ಕಾಯಲು ಮೊದಲಿಗಿಂತ ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ಚಾಕುವಿನಿಂದ ಕೆತ್ತಬಹುದಾ?
— ನಿವೃತ್ತ ಶಿಕ್ಷಕರು, ಸೇಡಂ

ಕೆತ್ತಬೇಡಿ ಗುರುಗಳೇ. ರಾಡಿನ ಹೊರಗಿನ ಲೋಹದ ಕೊಳವೆ ತೆಳ್ಳಗಿರುತ್ತದೆ. ಅದು ಸೀಳಿದರೆ ನೀರಿನಲ್ಲಿ ಕರೆಂಟು.

ನಿಮ್ಮ ರಾಡಿನ ಮೇಲಿನ ಕಲ್ಲು ಮತ್ತು ನಿಮ್ಮ ಪಡಸಾಲೆಯ ಶಹಾಬಾದ್ ಹಾಸುಗಲ್ಲು ಬಹುಪಾಲು ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದೊಳಗೆ ಸುಣ್ಣದ ಕಲ್ಲು. ನೀರು ಅದನ್ನು ಸ್ವಲ್ಪ ಸ್ವಲ್ಪ ಕರಗಿಸಿಕೊಂಡು ಬರುತ್ತದೆ. ಕಾಯಿಸಿದಾಗ ಅದು ಮತ್ತೆ ಕಲ್ಲಾಗಿ ರಾಡಿಗೆ ಹತ್ತುತ್ತದೆ.

ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕೊಳ್ಳಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಲೀಟರಿಗೆ ಮೂರು ಚಮಚದ ಲೆಕ್ಕದಲ್ಲಿ ಬೆಚ್ಚಗಿನ ನೀರಿಗೆ ಕಲಸಿ. ಪ್ಲಗ್ ಕಿತ್ತು, ಪೂರಾ ಆರಿದ ರಾಡನ್ನು ಅದರಲ್ಲಿ ಮುಳುಗಿಸಿ. ಕಲ್ಲು ಕಟ್ಟಿದಷ್ಟು ಭಾಗ ಮಾತ್ರ, ವೈರ್ ಇರುವ ತಲೆ ಮೇಲೆ ಇರಲಿ. ನೀರು ಕಾಯಿಸಲು ಅದೇ ರಾಡನ್ನು ಹಚ್ಚಬೇಡಿ. ಗುಳ್ಳೆ ಏಳುತ್ತವೆ. ಗುಳ್ಳೆ ನಿಂತರೆ ಒಂದೋ ಕಲ್ಲು ಮುಗಿದಿದೆ, ಇಲ್ಲ ಹುಳಿ ಮುಗಿದಿದೆ. ಕಲ್ಲು ಉಳಿದಿದ್ದರೆ ಹೊಸ ನೀರು ಮಾಡಿ. ಬೆರಳು ದಪ್ಪ ಅಂದರೆ ಎರಡು ಮೂರು ಸಲ ಬೇಕಾದೀತು. ತಗಡಿನ ಬಕೆಟ್ ಬೇಡ, ಅದರ ಸತುವಿನ ಲೇಪ ಕರಗುತ್ತದೆ.

ಬಕೆಟ್ ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ನಾನು ಹೊಸದಾಗಿ ಮದುವೆಯಾಗಿದ್ದಾಗ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕೆಲವು ನಲ್ಲಿಗಳನ್ನು ಮ್ಯೂರಿಯಾಟಿಕ್ (ಹೈಡ್ರೊಕ್ಲೋರಿಕ್) ಆಸಿಡ್ಡಿನಲ್ಲಿ ನೆನೆಸಿದೆ. ಬುರುಗು ಉಕ್ಕಿ ಹೊರಗೆ ಚೆಲ್ಲಿತು. ಶಹಾಬಾದ್ ಕಲ್ಲು ಬುಸ್ ಎಂದು ಕುದಿಯಿತು. ಕನ್ನಡಿಯಂತಿದ್ದ ಕಲ್ಲು ತಟ್ಟೆಯಷ್ಟು ಅಗಲ ಖರಕಲಾಯಿತು. ಅಷ್ಟೇ ಅಲ್ಲ, ಅದೇ ಕೋಣೆಯ ಕಪಾಟಿನಲ್ಲಿ ನನ್ನ ಡ್ರಿಲ್ ಬಿಟ್, ಫೈಲ್, ಸ್ಪ್ಯಾನರ್ ಇದ್ದವು. ಅವುಗಳಿಗೆ ಒಂದು ಹನಿಯೂ ತಾಗಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲಕ್ಕೂ ಕೆಂಪು ಪುಡಿ ಹತ್ತಿತ್ತು. ಆಸಿಡ್ಡಿನ ಹೊಗೆಯೇ ಸಾಕಾಗಿತ್ತು. ಅಂದಿನಿಂದ ಆ ಆಸಿಡ್ ನನ್ನ ಮನೆಯೊಳಗೆ ಬಂದಿಲ್ಲ. ನೀವೂ ತರಬೇಡಿ. ಅದಕ್ಕೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಬಚ್ಚಲಿನಷ್ಟು ಸಣ್ಣ ಜಾಗದಲ್ಲಿ ಅದು ಜೀವಕ್ಕೇ ಅಪಾಯ.

ಅಲ್ಯೂಮಿನಿಯಂ ಪಾತ್ರೆಯ ಜಿಡ್ಡು ತೆಗೆಯಲು ಕಾಸ್ಟಿಕ್ ಸೋಡಾ ಹಾಕಬಹುದಾ?
— ಖಾನಾವಳಿ ಮಾಲೀಕರು, ಶಹಾಪುರ

ಬೇಡ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನೇ ಕರಗಿಸುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೊಜನ್ ಗಾಳಿ ಬರುತ್ತದೆ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಅರ್ಧ ಗಂಟೆ ನೆನೆಸುವುದು. ಅಷ್ಟೇ.

ಮದುವೆಗೆ ಬಂದ ಬಿದ್ರಿ ಹೂದಾನಿ ಮಂಕಾಗಿತ್ತು. ಹಿತ್ತಾಳೆಗೆ ಹಚ್ಚುವ ಪಾಲಿಶ್ ಹಾಕಿ ಚೆನ್ನಾಗಿ ಉಜ್ಜಿದೆ. ಕಪ್ಪು ಹೋಗಿ ಬೂದು ಬಣ್ಣ ಬಂದಿದೆ, ಬೆಳ್ಳಿಯ ಬಳ್ಳಿ ಕಾಣುವುದೇ ಇಲ್ಲ. ಅತ್ತೆಯವರಿಗೆ ಇನ್ನೂ ತೋರಿಸಿಲ್ಲ.
— ಹೊಸ ಸೊಸೆ, ಬೀದರ್

ತಂಗಿ, ಅಳಬೇಡ. ಇದು ಸರಿಹೋಗುತ್ತದೆ.

ಉಳಿದೆಲ್ಲ ಕಡೆ ನಾವು ಲೋಹದ ಮೇಲಿನ ಪೊರೆಯನ್ನು ವೈರಿ ಎನ್ನುತ್ತೇವೆ. ಬಿದ್ರಿಯಲ್ಲಿ ಆ ಪೊರೆಯೇ ಕಲೆ. ಹೂದಾನಿಯ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಅದರ ಸಹಜ ಬಣ್ಣ ನೀನು ಈಗ ನೋಡುತ್ತಿರುವ ಬೂದು. ಕುಸುರಿ ಕೆತ್ತಿ, ಬೆಳ್ಳಿ ತಂತಿ ಬಡಿದು ಕೂಡಿಸಿ, ನಯ ಮಾಡಿದ ಮೇಲೆ ಕೊನೆಗೆ ಸಾಮಾನನ್ನು ಬೆಚ್ಚಗೆ ಮಾಡುತ್ತಾರೆ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ಅದರ ಮೈಗೆ ತಿಕ್ಕುತ್ತಾರೆ. ಸತುವಿನ ಮಿಶ್ರಲೋಹ ಕಪ್ಪಗಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಂದರೆ ಬೇಕೆಂದೇ, ಅಳತೆ ಹಿಡಿದು ಹಿಡಿಸಿದ ಕಿಲುಬು ಅದು. ನಾನು ಜೀವನವಿಡೀ ಪೊರೆ ತೆಗೆದವನು. ಪೊರೆಯನ್ನು ಹೀಗೆ ಪಳಗಿಸುವ ಕೈಗಳನ್ನು ಮೊದಲ ಸಲ ನೋಡಿದಾಗ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಈ ಕಲೆಯ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಭಾಗಕ್ಕೆಲ್ಲ ಖುಷಿಯಾಯಿತು.

ನೀನು ಉಜ್ಜಿದ್ದು ಆ ಕಪ್ಪನ್ನು ಮಾತ್ರ. ಬೆಳ್ಳಿ ಎಲ್ಲೂ ಹೋಗಿಲ್ಲ. ಸುತ್ತ ಕಪ್ಪು ಇಲ್ಲದ್ದಕ್ಕೆ ಕಾಣುತ್ತಿಲ್ಲ. ಬೀದರಿನಲ್ಲೇ ಇದ್ದೀಯಲ್ಲ, ಬಿದ್ರಿ ಕೆಲಸದವರ ಬಳಿ ಒಯ್ದು ಮತ್ತೆ ಕಪ್ಪು ಹಿಡಿಸಿಕೊಡಿ ಎಂದು ಕೇಳು. ಮನೆಯಲ್ಲಿ ನೀನೇ ನವಸಾಗರ ತಂದು ಪ್ರಯೋಗ ಮಾಡಬೇಡ. ಮುಂದೆ ಮೆತ್ತನೆ ಹತ್ತಿ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು, ಕಪ್ಪು ಗಾಢವಾಗುತ್ತದೆ. ಹುಣಸೆ, ನಿಂಬೆ, ಬೂದಿ, ಪಾಲಿಶ್ ಯಾವುದೂ ಬೇಡ. ಅತ್ತೆಯವರಿಗೆ ಇವತ್ತೇ ಹೇಳಿಬಿಡು. ಒಯ್ಯುವಾಗ ಅವರೂ ಜೊತೆಗೆ ಬರಲಿ, ಕೆಲಸ ನೋಡುವಂಥದ್ದು.

ಅಪ್ಪ ತೀರಿಕೊಂಡು ಆರು ವರ್ಷ. ಅವರ ಕೊಡಲಿ, ಕುಂಟಿಯ ಕುಡ, ಸಾಮಾನು ಬಿಗಿಹಿಡಿಯುವ ಒಂದು ಬೆಂಚ್ ವೈಸ್ ಹಿತ್ತಲಲ್ಲಿ ಬಿದ್ದು ಜಂಗು ಹಿಡಿದಿವೆ. ವೈಸ್ ತಿರುಗುವುದೇ ಇಲ್ಲ. ಗುಜರಿಗೆ ಹಾಕಲು ಮನಸ್ಸಿಲ್ಲ. ಜಾಸ್ತಿ ಖರ್ಚಿಲ್ಲದ ದಾರಿ ಹೇಳಿ.
— ರೈತರು, ಸುರಪುರ

ಗುಜರಿಗೆ ಹಾಕಬೇಡಿ ಗೌಡ್ರೇ. ಇವಕ್ಕೆ ಗ್ರೈಂಡರೂ ಹಚ್ಚಬೇಡಿ. ಕೊಡಲಿಯ ಮೇಲೆ ಕಮ್ಮಾರ ಒತ್ತಿದ ಗುರುತು ಇದ್ದರೆ ಒಂದೇ ಏಟಿಗೆ ಹೋಗುತ್ತದೆ.

ದನಕ್ಕೆ ಮೇವಿನ ಜೊತೆ ಹಾಕುವ ಕಾಕಂಬಿ ಗೊತ್ತಲ್ಲ? ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ ಸಾಮಾನು ಪೂರಾ ಮುಳುಗಿಸಿ. ಅರ್ಧ ಹೊರಗೆ ಇದ್ದರೆ ನೀರಿನ ಗೆರೆಯಲ್ಲೇ ಕಚ್ಚು ಬೀಳುತ್ತದೆ. ಒಂದು ವಾರದಿಂದ ಮೂರು ವಾರ. ಕಾಕಂಬಿಯಲ್ಲಿರುವ ಸಾಮಾನುಗಳು ಜಂಗಿನ ಕಬ್ಬಿಣವನ್ನು ಮೆಲ್ಲಗೆ ಕಟ್ಟಿಕೊಂಡು ಬಿಡಿಸುತ್ತವೆ. ಒಳ್ಳೆಯ ಕಬ್ಬಿಣಕ್ಕೆ ಅಷ್ಟು ಹಾನಿ ಇಲ್ಲ. ಹುಳಿ ವಾಸನೆ ಬರುತ್ತದೆ, ಡ್ರಮ್ ಮನೆಯಿಂದ ದೂರ ಇರಲಿ. ಮುಚ್ಚಳ ಬಿಗಿ ಮಾಡಬೇಡಿ, ಉಕ್ಕುತ್ತದೆ. ದನ, ಮಕ್ಕಳು ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಅಲ್ಯೂಮಿನಿಯಂ, ಸತುವಿನ ಸಾಮಾನು ಇದಕ್ಕೆ ಹಾಕಬಾರದು.

ವೈಸ್‌ಗೆ ನಾನಾಗಿದ್ದರೆ ಕರೆಂಟಿನ ದಾರಿ ಹಿಡಿಯುತ್ತೇನೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ. ಟ್ರ್ಯಾಕ್ಟರ್ ಬ್ಯಾಟರಿಯ 12 ವೋಲ್ಟ್ ಚಾರ್ಜರ್ ತೆಗೆದುಕೊಳ್ಳಿ. ಮೈನಸ್ ವೈರು ವೈಸ್‌ಗೆ, ಪ್ಲಸ್ ವೈರು ಒಂದು ಹಳೆ ಕಬ್ಬಿಣದ ತಗಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ವೈರು ಅದಲುಬದಲಾದರೆ ಅಪ್ಪನ ವೈಸ್ ಕರಗಿ ತಗಡು ಉಳಿಯುತ್ತದೆ, ಎರಡು ಸಲ ನೋಡಿ ಸ್ವಿಚ್ ಹಾಕಿ. ಗುಳ್ಳೆ ಏಳುತ್ತವೆ, ಕೆಂಪು ಜಂಗು ಸಡಿಲಾಗಿ ಕಪ್ಪು ಕೆಸರಾಗುತ್ತದೆ. ಒಂದು ರಾತ್ರಿ ಆದ ಮೇಲೆ ಸ್ವಿಚ್ ತೆಗೆದು, ಬ್ರಷ್ಷಿನಿಂದ ತೊಳೆಯಿರಿ. ಆ ಗುಳ್ಳೆ ಹೈಡ್ರೊಜನ್. ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಹಚ್ಚಬೇಡಿ. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ತಗಡಿನ ಬದಲು ಸ್ಟೀಲ್ ತಟ್ಟೆ ಕಟ್ಟಿದರೆ ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಎರಡೂ ಬೇಡ.

ಇದರಲ್ಲಿ ಹದ ಹಾಕಿದ ಸ್ಪ್ರಿಂಗ್, ಹೈ ಟೆನ್ಸೈಲ್ ಬೋಲ್ಟ್ ಮಾತ್ರ ಮುಳುಗಿಸಬೇಡಿ. ಆಸಿಡ್ಡಿಗೂ ಹಾಕಬೇಡಿ. ಹೈಡ್ರೊಜನ್ ಉಕ್ಕಿನ ಒಳಗೆ ಸೇರಿ ಅದನ್ನು ಒಡಕಲು ಮಾಡುತ್ತದೆ. ನೋಡಲು ಚೆನ್ನಾಗಿರುತ್ತದೆ, ಭಾರ ಬಿದ್ದಾಗ ಪಟ್ ಎನ್ನುತ್ತದೆ.

ಹೊರ ತೆಗೆದ ಮೇಲೆ ಆ ಒಂದು ಗಂಟೆ ನೆನಪಿರಲಿ. ಬಿಸಿನೀರಿನಿಂದ ತೊಳೆದು, ಮಧ್ಯಾಹ್ನದ ಬಿಸಿಲಿಗೆ ಇಟ್ಟು, ಕೈಗೆ ಬಿಸಿ ತಾಗುವಾಗಲೇ ಎಣ್ಣೆ ಸವರಿ. ವೈಸ್‌ನ ಸ್ಕ್ರೂಗೆ ಗ್ರೀಸು. ಕೊಡಲಿಗೆ ಹೊಸ ಕಾವು (ಮರದ ಹಿಡಿ) ಹಾಕಿಸಿ.

ಮನೆಯ ಕಬ್ಬಿಣದ ಅಲ್ಮೇರಾ ನನಗಿಂತ ಹಿರಿದು. ಮೂರು ಪದರ ಬಣ್ಣ ಇದೆ. ಉಪ್ಪು ಕಾಗದದಿಂದ ಉಜ್ಜಿ ಹೊಸ ಬಣ್ಣ ಹಚ್ಚಬೇಕು ಎಂದಿದ್ದೇನೆ. ಮನೆಯಲ್ಲಿ ಚಿಕ್ಕ ಮಗು ಇದೆ.
— ಯಾದಗಿರಿ

ಮಗು ಇದೆ ಎಂದು ಬರೆದದ್ದು ಒಳ್ಳೆಯದಾಯಿತು. ಒಣಗಿದ್ದನ್ನು ಉಜ್ಜಬೇಡಿ. ಹಳೆಯ ಎನಾಮೆಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಬಳಕೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದಿದ್ದೇ 2016ರಲ್ಲಿ. ಅದರ ಧೂಳು ನೆಲಕ್ಕೆ ಬೀಳುತ್ತದೆ, ಮಗು ಅಂಬೆಗಾಲಿಟ್ಟು ಕೈಯನ್ನು ಬಾಯಿಗೆ ಹಾಕುತ್ತದೆ. ಸೀಸ ಮಗುವಿನ ಮಿದುಳಿಗೆ ಹಾನಿ ಮಾಡುತ್ತದೆ.

ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ತೆಗೆಯಲೇಬೇಕಿಲ್ಲ. ಅಲ್ಮೇರಾ ಹೊರಗೆ ಒಯ್ದು, ನೀರಿನ ಉಪ್ಪು ಕಾಗದದಿಂದ ಒದ್ದೆ ಮಾಡುತ್ತಲೇ ಹೊಳಪು ಮುರಿಯುವಷ್ಟು ಮಾತ್ರ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಕೆಸರನ್ನು ಬಟ್ಟೆಯಲ್ಲಿ ಒರೆಸಿ ಕವರಿನಲ್ಲಿ ಕಟ್ಟಿಡಿ, ಅಂಗಳದ ಮಣ್ಣಿಗೆ ಚೆಲ್ಲಬೇಡಿ. ಬೆಂಕಿ ಹಿಡಿದು ಬಣ್ಣ ಸುಡಬೇಡಿ. ಪೇಂಟ್ ರಿಮೂವರ್ ತಂದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಡಬ್ಬಿ ತೆರೆಯಬೇಡಿ. ಕೆಲವು ಬಗೆಯಲ್ಲಿರುವ ಮಿಥಿಲೀನ್ ಕ್ಲೋರೈಡ್ ಆವಿ ಕುಡಿದು ಜನ ಸತ್ತಿದ್ದಾರೆ.

ನನ್ನ ಮಗನಿಗೆ 22 ವರ್ಷ. ಹೊರರಾಜ್ಯದಲ್ಲಿ ಟ್ಯಾಂಕ್ ಬ್ಲಾಸ್ಟಿಂಗ್ ಕೆಲಸ ಸಿಕ್ಕಿದೆ, ಪಗಾರ ಚೆನ್ನಾಗಿದೆ. ಮರಳು ಹೊಡೆಯುವ ಕೆಲಸ ಎನ್ನುತ್ತಾನೆ. ನೀವು ಇದೇ ಕೆಲಸ ಮಾಡಿದವರು. ಕಳಿಸಲಾ?
— ತಾಯಿ, ಚಿತ್ತಾಪುರ ತಾಲೂಕು

ತಾಯಿ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಕಂಪ್ರೆಸರ್ ಗಾಳಿಯ ಜೋರಿನಲ್ಲಿ ಗಟ್ಟಿ ಕಾಳುಗಳನ್ನು ನಳಿಕೆಯಿಂದ ಕಬ್ಬಿಣಕ್ಕೆ ಹೊಡೆಯುತ್ತಾರೆ. ಸಿಪ್ಪೆ, ಜಂಗು, ಬಣ್ಣ ಎಲ್ಲ ಹಾರಿಹೋಗಿ ಹೊಸ ಬಣ್ಣ ಕಚ್ಚಿಕೊಳ್ಳುವ ಹಾಗೆ ಮೈ ಒರಟಾಗುತ್ತದೆ. ಅಮೆರಿಕದ ಟಿಲ್ಗ್‌ಮನ್ ಎಂಬವರು 1870ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ದೊಡ್ಡ ಟ್ಯಾಂಕಿಗೆ ಇದಕ್ಕಿಂತ ಒಳ್ಳೆಯ ಸ್ವಚ್ಛತೆ ಕೈಯಿಂದ ಆಗುವುದಿಲ್ಲ. ಕೆಲಸ ಕೆಟ್ಟದ್ದಲ್ಲ. ಮರಳು ಕೆಟ್ಟದ್ದು.

ಮರಳು ಸಿಲಿಕಾ. ಕಬ್ಬಿಣಕ್ಕೆ ಬಡಿದಾಗ ಕಾಳು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗುತ್ತದೆ. ಕಾಣುವ ಧೂಳು ಮೂಗಿನಲ್ಲೇ ನಿಲ್ಲುತ್ತದೆ, ಇದು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಗಾಯವಾಗಿ ಗಂಟು ಕಟ್ಟುತ್ತದೆ. ಅದು ಸಿಲಿಕೋಸಿಸ್. ಅದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. 1948ರ ನಮ್ಮ ಫ್ಯಾಕ್ಟರಿ ಕಾಯ್ದೆಯ ಪಟ್ಟಿಯಲ್ಲೇ ಈ ರೋಗದ ಹೆಸರಿತ್ತು. ಬ್ರಿಟನ್ನಿನಲ್ಲಿ ಇಂಥ ಕೆಲಸಕ್ಕೆ ಮರಳು ಬಳಸುವುದನ್ನು 1949ರ ನಿಯಮದಲ್ಲೇ ನಿಲ್ಲಿಸಿದರು.

ನನ್ನ ಜೊತೆ ನಮ್ಮ ಕಡೆಯ ಒಬ್ಬ ಹುಡುಗ ಇದ್ದ. ಶರಣಬಸವೇಶ್ವರ ಜಾತ್ರೆಗೆ ತಪ್ಪದೆ ಊರಿಗೆ ಬಂದು ತೇರಿಗೆ ಕೈ ಹಚ್ಚುತ್ತಿದ್ದ, ಅಂಥ ಗಟ್ಟಿ ಆಳು. ಒಂದು ಸೈಟಿನಲ್ಲಿ ಎರಡು ವರ್ಷ ಮರಳು ಹೊಡೆದ. ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಳ್ಳುತ್ತಿದ್ದ. ನಾವೆಲ್ಲ ಅದೇ ಮಾಡುತ್ತಿದ್ದೆವು. ಒದ್ದೆ ಬಟ್ಟೆಗೆ ಆ ಧೂಳನ್ನು ತಡೆಯಲು ಆಗುವುದಿಲ್ಲ, ಅದು ನಮಗೆ ಗೊತ್ತಿರಲಿಲ್ಲ. ಆಮೇಲೆ ಕೆಮ್ಮು. ಟಿಬಿ ಎಂದು ಬಹಳ ದಿನ ಮಾತ್ರೆ ನುಂಗಿದ. ಕೊನೆಗೆ ಮನೆಯ ಮೂರು ಮೆಟ್ಟಿಲು ಹತ್ತಲು ಎರಡು ಕಡೆ ಕೂರುತ್ತಿದ್ದ. ಹೋದಾಗ ಅವನಿಗೆ 36. ನಾನು ಆಗ ಅವನ ಗುಂಪಿನ ಮೇಸ್ತ್ರಿ. ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಲಿಲ್ಲ. ನಿಮ್ಮ ಮಗ ಕೇಳಲಿ.

ಹಾಪರ್‌ಗೆ (ಕಾಳು ತುಂಬುವ ಪಾತ್ರೆಗೆ) ಏನು ಸುರಿಯುತ್ತೀರಿ? ಇದು ಮೊದಲ ಪ್ರಶ್ನೆ. ಗಾರ್ನೆಟ್ (ಒಂದು ಬಗೆಯ ಗಟ್ಟಿ ಖನಿಜದ ಕಾಳು), ಸ್ಟೀಲ್ ಗ್ರಿಟ್ (ಉಕ್ಕಿನ ಕಾಳು), ಕಾಪರ್ ಸ್ಲ್ಯಾಗ್ (ತಾಮ್ರ ಕರಗಿಸಿದಾಗ ಉಳಿಯುವ ಕಿಟ್ಟ) ಎಂದರೆ ಮುಂದೆ ಮಾತಾಡಬಹುದು. ನದಿ ಮರಳು ಎಂದರೆ ಅದೇ ಬಸ್ಸಿಗೆ ವಾಪಸ್ ಬರಲಿ. ಎರಡನೆಯದು, ಗಾಳಿ ಪೈಪಿನ ಹೆಲ್ಮೆಟ್ ಕೊಡುತ್ತಾರಾ? ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬಂದು ತಲೆಯ ಮೇಲಿಂದ ಇಳಿಯುವ ಹೆಲ್ಮೆಟ್ ಅದು. ಗಾರ್ನೆಟ್ ಆದರೂ ಅದು ಬೇಕೇ ಬೇಕು, ಹಳೆ ಬಣ್ಣದ ಸೀಸವೂ ಅದೇ ಧೂಳಿನಲ್ಲಿ ಇರುತ್ತದೆ. ನಳಿಕೆ ಹಿಡಿದವನಿಗೆ ಮಾತ್ರ ಅಲ್ಲ, ಹಾಪರ್ ತುಂಬುವವನಿಗೆ, ಕೆಳಗೆ ಗುಡಿಸುವವನಿಗೂ ಉಸಿರಿನ ರಕ್ಷಣೆ ಬೇಕು. ಹೊಸಬರಿಗೆ ಸಿಗುವುದು ಈ ಗುಡಿಸುವ ಕೆಲಸವೇ. ಮೂರನೆಯದು, ಕೈ ಬಿಟ್ಟ ಕೂಡಲೇ ಗಾಳಿ ನಿಲ್ಲುವ ಹಿಡಿ ನಳಿಕೆಗೆ ಇದೆಯಾ? ಕೈ ಜಾರಿದ ನಳಿಕೆ ಹಾವಿನಂತೆ ತಿರುಗಿ ಕಾಲಿನ ಮಾಂಸ ಕಿತ್ತಿದ್ದನ್ನು ಕಂಡಿದ್ದೇನೆ.

ಸೇರುವ ಮೊದಲು ಒಂದು ಎದೆ ಎಕ್ಸ್‌ರೇ ತೆಗೆಸಿ ಮನೆಯಲ್ಲಿ ಇಡಿ. ವರ್ಷಕ್ಕೊಂದು ತೆಗೆಸಿ ಇದರ ಜೊತೆ ಹೋಲಿಸಲಿ. ಕೆಲಸದ ಬಟ್ಟೆಯಲ್ಲೇ ಊಟಕ್ಕೆ ಕೂರಬಾರದು, ಅದನ್ನು ಮನೆಗೆ ತಂದು ಝಾಡಿಸಬಾರದು.

ಸೈಟಿನವರು ಬಾಯಲ್ಲಿ ಏನಾದರೂ ಹೇಳುತ್ತಾರೆ. ಮೊದಲ ದಿನ ನಳಿಕೆ ಹಿಡಿಯುವ ಮುಂಚೆ ಹಾಪರ್ ಹತ್ತಿರದ ಚೀಲದಿಂದ ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ಹಗಲು ಬೆಳಕಿನಲ್ಲಿ ನೋಡಲಿ. ಆಯಸ್ಕಾಂತಕ್ಕೆ ಗಟ್ಟಿಯಾಗಿ ಹತ್ತಿದರೆ ಸ್ಟೀಲ್. ಕೆಂಪು-ಗುಲಾಬಿ ಕಾಳಾದರೆ ಗಾರ್ನೆಟ್. ಗಾಜಿನಂಥ ಕಪ್ಪು ಚೂರಾದರೆ ಸ್ಲ್ಯಾಗ್. ಬಿಳಿ, ಹಳದಿ, ಕಂದು ಎಲ್ಲ ಬೆರೆತು ಭೀಮಾ ಹೊಳೆಯ ದಂಡೆಯ ಹಾಗೆ ಕಂಡರೆ ಅದು ಮರಳು. ಅನುಮಾನ ಬಂದರೆ ಚೀಟಿಯಲ್ಲಿ ಕಟ್ಟಿ ಈ ಪತ್ರಿಕೆಯ ವಿಳಾಸಕ್ಕೆ ಕಳಿಸಲಿ. ನಾನೇ ನೋಡಿ ಹೇಳುತ್ತೇನೆ. ಅಲ್ಲಿಯ ತನಕ ಅವನು ಹೆಲ್ಮೆಟ್ ಇಲ್ಲದೆ ಆ ಟ್ಯಾಂಕಿನ ಒಳಗೆ ಹೋಗಬಾರದು.